‘ಒಂಥರಾ’ ಎನ್ನುವ ಮುಂಚೆ

ಎಂಜಿನಿಯರಿಂಗ್ ಕೊನೆಯ ವರ್ಷದ ಕ್ಯಾಂಪಸ್ ಸಂದರ್ಶನ. ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚರ್ಚೆ ಎಲ್ಲ ದಾಟಿ ಕೊನೆಯ ಸುತ್ತಿಗೆ ಬಂದಿದ್ದವರು ಹನ್ನೊಂದು ಜನ. ಎದುರಿಗೆ ಕೂತಿದ್ದವರು ನನ್ನ ರೆಸ್ಯೂಮೆ ಮೇಲೆ ಕಣ್ಣಾಡಿಸಿ, ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದರು. ಈ ಒಂದು ಪ್ರಶ್ನೆಗಾಗಿಯೇ ಎರಡು ವಾರ ಹಾಸ್ಟೆಲ್ ಕನ್ನಡಿಯ ಮುಂದೆ ನಿಂತು ಉರು ಹೊಡೆದಿದ್ದೆ. ‘ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ ವ್ಯವಸ್ಥೆ’ ಎಂದು ಶುರು ಮಾಡಿ ಸೆನ್ಸರ್, ಕ್ಲೌಡ್, ಆ್ಯಪ್, ಆಟೊಮೇಶನ್ ಎಂದು ಇಂಗ್ಲಿಷಿನಲ್ಲಿ ಒಂದೂವರೆ ನಿಮಿಷ ನಿಲ್ಲದೆ ಒಪ್ಪಿಸಿದೆ. ಎಲ್ಲಿಯೂ ತಡವರಿಸಲಿಲ್ಲ.

ಅವರು ಕೇಳಿದ್ದು ಒಂದೇ ಮಾತು. ‘ಮೋಟರ್ ಯಾವಾಗ ಆಫ್ ಆಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?’

‘ಸೆನ್ಸರ್ ವ್ಯಾಲ್ಯೂ 500ಕ್ಕಿಂತ ಕೆಳಗೆ ಬಂದಾಗ ಆಫ್ ಆಗುತ್ತೆ ಸರ್.’

‘500 ಯಾಕೆ? 400 ಯಾಕಲ್ಲ?’

ಕನ್ನಡಿಯ ಮುಂದೆ ಈ ಪ್ರಶ್ನೆ ಬಂದಿರಲಿಲ್ಲ. ‘ಬೇಸಿಕಲಿ ಸರ್... ಇಟ್ ಈಸ್ ಎ ಕೈಂಡ್ ಆಫ್ ಆಪ್ಟಿಮಮ್ ವ್ಯಾಲ್ಯೂ’ ಎಂದೆ. ಅವರು ನಕ್ಕರು. ಗೇಲಿಯ ನಗುವಲ್ಲ. ‘ಇಂಗ್ಲಿಷ್ ಬಿಡಿ, ಕನ್ನಡದಲ್ಲೇ ಹೇಳಿ, ಪರವಾಗಿಲ್ಲ’ ಎಂದರು. ನಾನು ಬಾಯಿ ತೆರೆದೆ. ‘ಅದು... ಒಂಥರಾ... ಮಣ್ಣಿಗೆ ಸಾಕಾಗುವಷ್ಟು...’ ಅಲ್ಲಿಗೆ ನನ್ನ ಮಾತು ಮುಗಿಯಿತು.

ಸಂಜೆ ನೋಟಿಸ್ ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ನನ್ನದು ಇರಲಿಲ್ಲ.

ಇಂಗ್ಲಿಷ್ ಎಂಬ ನೆಪ

ಊರಿಗೆ ಹೋಗುವ ಬಸ್ಸಿನಲ್ಲಿ ಗೆಳೆಯ ಕೇಳಿದಾಗ ‘ಇಂಗ್ಲಿಷ್ ಕೈಕೊಟ್ಟಿತು ಕಣೋ’ ಎಂದೆ. ಅವನು ತಕ್ಷಣ ಒಪ್ಪಿಕೊಂಡ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಈ ಉತ್ತರ ಯಾವಾಗಲೂ ಜೇಬಿನಲ್ಲೇ ಇರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಇಂಗ್ಲಿಷಿನ ಭಯ ನಿಜ, ಅದರಿಂದ ತಪ್ಪಿಹೋದ ಅವಕಾಶಗಳೂ ನಿಜ. ತಲೆಯಲ್ಲಿ ಎಲ್ಲವೂ ಇದ್ದು ನಾಲಿಗೆಗೆ ಬಾರದೆ ಒದ್ದಾಡಿದ ಎಷ್ಟೋ ಗೆಳೆಯರನ್ನು ನಾನೇ ನೋಡಿದ್ದೇನೆ.

ಆದರೆ ಆ ದಿನ ನನಗಾದದ್ದು ಅದಲ್ಲ. ಒಂದೂವರೆ ನಿಮಿಷ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡಿದವನು ನಾನೇ. ಕನ್ನಡದಲ್ಲಿ ಹೇಳಿ ಎಂದಾಗ ಬಾಯಿ ಕಟ್ಟಿದವನೂ ನಾನೇ. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲೂ ಹೇಳಲು ಆಗಲಿಲ್ಲವೆಂದರೆ ಕೊರತೆ ಇದ್ದದ್ದು ಭಾಷೆಯದಲ್ಲ. ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಆ 500 ಎಂಬ ಸಂಖ್ಯೆಯನ್ನು ನಾವು ನಾಲ್ಕು ಜನ ಸೇರಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾರದೋ ಪ್ರೋಗ್ರಾಮಿನಿಂದ ಹಾಗೇ ಎತ್ತಿಕೊಂಡಿದ್ದೆವು. ಅದು ಎಲ್ಲಿಂದ ಬಂತು ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ವೈವಾದಲ್ಲೂ ಯಾರೂ ಕೇಳಲಿಲ್ಲ. ಅಂಕ ಬಂತು, ಬೈಂಡ್ ಮಾಡಿಸಿದ ವರದಿ ಲೈಬ್ರರಿಯ ಕಪಾಟು ಸೇರಿತು.

ಇಂಗ್ಲಿಷಿನ ಅಬ್ಬರ ನಾನು ಅರ್ಥ ಮಾಡಿಕೊಂಡಿಲ್ಲ ಎಂಬುದನ್ನು ನನ್ನಿಂದಲೇ ಮುಚ್ಚಿಟ್ಟಿತ್ತು. ಕನ್ನಡ ಆ ಮುಸುಕನ್ನು ತೆಗೆಯಿತು, ಅಷ್ಟೇ.

ಅಪ್ಪನ ಮುಷ್ಟಿ

ಊರಿಗೆ ಹೋದವನು ಮೂರನೆಯ ದಿನ ಆ ಸೆನ್ಸರನ್ನು ತೆಗೆದುಕೊಂಡು ತೋಟಕ್ಕೆ ಇಳಿದೆ. ನಾವು ಬಳಸಿದ್ದು ಅಗ್ಗದ ತೇವಾಂಶದ ಸೆನ್ಸರ್, ಅದಕ್ಕೆ ಜೋಡಿಸಿದ ಆರ್ಡುಯಿನೊ ಬೋರ್ಡ್. ಆ ಬೋರ್ಡು ಸೆನ್ಸರಿನಿಂದ ಬಂದ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ತೋರಿಸುತ್ತದೆ. ನಮ್ಮ ಸೆನ್ಸರಿನಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಹೆಚ್ಚು, ನೆನೆದಷ್ಟೂ ಕಡಿಮೆ. ಆ ಅಂಕಿಗೆ ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲ. ಕಪ್ಪು ಮಣ್ಣಿನಲ್ಲಿ ಬರುವುದು ಒಂದು, ಮರಳು ಮಣ್ಣಿನಲ್ಲಿ ಬರುವುದು ಇನ್ನೊಂದು.

ಅಪ್ಪ ಅಡಿಕೆ ಮರದ ಬುಡದಲ್ಲಿ ಒಂದು ಗೇಣು ಆಳಕ್ಕೆ ಗುದ್ದಲಿ ಹಾಕಿ ಒಂದು ಹಿಡಿ ಮಣ್ಣು ತೆಗೆದರು. ಮುಷ್ಟಿಯಲ್ಲಿ ಹಿಚುಕಿ ಕೈ ಬಿಡಿಸಿದರು. ‘ನೋಡು, ಉಂಡೆ ಆಯ್ತು. ಇನ್ನೂ ಎರಡು ದಿನ ನೀರು ಬೇಡ’ ಎಂದರು. ಸೆನ್ಸರ್ ಚುಚ್ಚಿ ನೋಡಿದೆ, 480. ಎರಡು ದಿನ ಬಿಟ್ಟು ಮತ್ತೆ ಹಿಚುಕಿದರು. ಉಂಡೆ ಆಗುತ್ತಲೇ ಪುಡಿಯಾಗಿ ಉದುರಿತು. ‘ಈಗ ಬಿಡಬೇಕು ನೀರು’ ಎಂದರು. ಸೆನ್ಸರಿನಲ್ಲಿ 640. ನೀರು ಬಿಟ್ಟ ಮೇಲೆ ಸಾಕು ಎಂದಾಗ 390.

ಒಂದು ವಾರ ಹೀಗೆ ಬರೆದಿಟ್ಟುಕೊಂಡೆ. ವಾರದ ಕೊನೆಗೆ ನನ್ನ ಪ್ರಾಜೆಕ್ಟ್ ಮೂರು ವಾಕ್ಯಕ್ಕೆ ಇಳಿಯಿತು: ‘ನಮ್ಮ ತೋಟದ ಮಣ್ಣು ಮುಷ್ಟಿಯಲ್ಲಿ ಉಂಡೆ ಆಗದಷ್ಟು ಒಣಗಿದಾಗ ಸೆನ್ಸರ್ 640ರ ಆಸುಪಾಸು ತೋರಿಸುತ್ತದೆ, ಆಗ ಮೋಟರ್ ಆನ್ ಆಗುತ್ತದೆ. 390ಕ್ಕೆ ಬಂದಾಗ ಆಫ್ ಆಗುತ್ತದೆ. ಬೇರೆ ಮಣ್ಣಿಗೆ ಈ ಎರಡು ಅಂಕಿಗಳನ್ನು ಹೊಸದಾಗಿ ಅಳೆಯಬೇಕು.’ ಇದನ್ನು ಅಪ್ಪನಿಗೆ ಹೇಳಿದೆ, ಅರ್ಥವಾಯಿತು. ಇಂಗ್ಲಿಷಿಗೆ ತಿರುಗಿಸಿ ನೋಡಿದೆ. ನನ್ನ ಹರಕು ಇಂಗ್ಲಿಷಿನಲ್ಲೂ ಅದು ನೆಟ್ಟಗೆ ನಿಂತಿತು.

ಅವತ್ತು ನನಗೆ ಹೊಳೆದದ್ದು ಇಷ್ಟು. ಸ್ಪಷ್ಟತೆ ಎಂದರೆ ತಡವರಿಸದೆ ಮಾತಾಡುವುದಲ್ಲ, ಕಠಿಣ ಪದ ಬಿಟ್ಟು ಸುಲಭ ಪದ ಹಾಕುವುದೂ ಅಲ್ಲ. ನಾವು ಆಡಿದ ಪ್ರತಿ ಮಾತಿಗೂ ಯಾರಾದರೂ ‘ಅಂದರೆ?’ ಎಂದು ಕೇಳಿದರೆ ಅದರ ಕೆಳಗೆ ಕಾಲಿಡಲು ನೆಲ ಇರುವುದು. ಮೊದಲ ‘ಅಂದರೆ?’ಗೆ ಬಹಳ ಜನ ಉತ್ತರಿಸುತ್ತಾರೆ. ಎರಡನೆಯದಕ್ಕೆ ಬೆವರುತ್ತಾರೆ. ಮೂರನೆಯದಕ್ಕೆ ‘ಒಂಥರಾ’ ಬರುತ್ತದೆ. ನಮ್ಮ ಕಾಲೇಜು ಕನ್ನಡದಲ್ಲಿ ‘ಒಂಥರಾ’, ‘ಆಕ್ಚುಲಿ’, ‘ಬೇಸಿಕಲಿ’ ಇಷ್ಟೊಂದು ಬಳಕೆಗೆ ಬಂದಿರುವುದು ಬರೀ ಚಟದಿಂದಲ್ಲ. ಯೋಚನೆ ಮುಗಿಯದ ಕಡೆಗಳಲ್ಲೆಲ್ಲ ನಾವು ಹಚ್ಚುವ ತೇಪೆಗಳು ಅವು.

ಏಳು ಜೀವ, ಒಂದು ಸ್ಲೈಡು

ಇದು ಸಣ್ಣ ಊರಿನಿಂದ ಬಂದವರ ಸಮಸ್ಯೆ ಎಂದುಕೊಳ್ಳಬೇಡಿ. ಕಲ್ಪನಾ ಚಾವ್ಲಾ ಅವರ ಹೆಸರು ನಮಗೆಲ್ಲ ಗೊತ್ತು. ಅವರಿದ್ದ ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಮೇಲೇರಿತು. ಉಡಾವಣೆಯಾಗಿ ಒಂದೂವರೆ ನಿಮಿಷ ಕಳೆಯುವ ಮೊದಲೇ ಇಂಧನ ಟ್ಯಾಂಕಿನಿಂದ ಕಳಚಿದ ಫೋಮಿನ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿ ಇದ್ದಾಗಲೇ, ಈ ಪೆಟ್ಟಿನಿಂದ ಅಪಾಯವಿದೆಯೇ ಎಂದು ಎಂಜಿನಿಯರುಗಳು ಲೆಕ್ಕ ಹಾಕಿ ನಾಸಾದ ಅಧಿಕಾರಿಗಳಿಗೆ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ತೋರಿಸಿದರು.

ದುರಂತದ ನಂತರ ತನಿಖಾ ಮಂಡಳಿ ಆ ಸ್ಲೈಡುಗಳಲ್ಲಿ ಒಂದನ್ನು ತನ್ನ ವರದಿಯಲ್ಲೇ ಎತ್ತಿ ತೋರಿಸಿತು. ಮಾಹಿತಿಯನ್ನು ಕಣ್ಣಿಗೆ ಕಾಣುವಂತೆ ಜೋಡಿಸುವ ವಿದ್ಯೆಯಲ್ಲಿ ಹೆಸರಾದ ಪ್ರೊಫೆಸರ್ ಎಡ್ವರ್ಡ್ ಟಫ್ಟಿ ಅದನ್ನು ಬಿಡಿಸಿ ಬಿಡಿಸಿ ವಿಶ್ಲೇಷಿಸಿದ್ದರು. ಸ್ಲೈಡಿನ ತಲೆಬರಹ ಓದಿದರೆ ಎಲ್ಲವೂ ಸುರಕ್ಷಿತ ಎಂಬ ಭಾವನೆ ಬರುತ್ತಿತ್ತು. ಅದರ ಕೆಳಗೆ ಸಾಲಿನೊಳಗೆ ಸಾಲು, ಉಪಸಾಲು. ‘ಗಣನೀಯ’ ಎಂಬ ಅರ್ಥದ ಇಂಗ್ಲಿಷ್ ಪದ ಐದು ಬಾರಿ ಬಂದಿತ್ತು, ಪ್ರತಿ ಸಲವೂ ಬೇರೆ ಬೇರೆ ಧ್ವನಿಯಲ್ಲಿ. ಎಷ್ಟು ಗಣನೀಯ ಎಂಬ ಅಂಕಿ ಮಾತ್ರ ಎಲ್ಲೂ ಇರಲಿಲ್ಲ. ನಿಜವಾದ ಅಪಾಯದ ಸುದ್ದಿ ಇದ್ದದ್ದು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ. ರೆಕ್ಕೆಗೆ ಬಡಿದ ತುಂಡು ಹಿಂದೆ ಪರೀಕ್ಷೆ ಮಾಡಿದ್ದ ತುಂಡುಗಳಿಗಿಂತ ನೂರಾರು ಪಟ್ಟು ದೊಡ್ಡದು. ಅಂದರೆ ಹಳೆಯ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿಗೆ ಅನ್ವಯಿಸುವುದೇ ಅನುಮಾನ. ಆ ಸ್ಲೈಡು ಓದಿದ ಹಿರಿಯ ಅಧಿಕಾರಿಯೊಬ್ಬರಿಗೆ ಇದು ಜೀವ ಹೋಗುವ ವಿಷಯ ಎಂದು ಅರ್ಥವಾಗದೆಯೇ ಇರಬಹುದು ಎಂದು ಮಂಡಳಿ ಬರೆಯಿತು.

ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು. ಏಳೂ ಜನ ಹೋದರು. ಒಂದು ಸ್ಲೈಡೇ ಅವರನ್ನು ಕೊಂದಿತು ಎಂದರೆ ಅದು ಅತಿಯಾದ ಮಾತು. ಕಾರಣಗಳು ಹಲವಿದ್ದವು, ಸಂಸ್ಥೆಯ ಒಳಗಿನ ರೀತಿನೀತಿಗಳೂ ಅದರಲ್ಲಿ ಸೇರಿದ್ದವು. ಆದರೆ ನಾವು ಗಮನಿಸಬೇಕಾದ್ದು ಇದು: ಅದನ್ನು ಬರೆದವರು ಇಂಗ್ಲಿಷ್ ಬಾರದವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ‘ನಮಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು, ಗೊತ್ತಿಲ್ಲದ್ದೇ ಹೆಚ್ಚು’ ಎಂಬ ಒಂದು ವಾಕ್ಯವನ್ನು ಅವರು ಮೇಲೆ ಬರೆಯಲಿಲ್ಲ. ನಾವು ಸೆಮಿನಾರಿಗೆ ಸ್ಲೈಡು ಮಾಡುವಾಗ ಏನು ಮಾಡುತ್ತೇವೆ? ಮುಖ್ಯವಾದದ್ದನ್ನು ಏಳನೆಯ ಬುಲೆಟ್ಟಿಗೆ ತಳ್ಳಿ, ಮೊದಲ ಬುಲೆಟ್ಟಿನಲ್ಲಿ ‘ಇಂಟ್ರೊಡಕ್ಷನ್’ ಎಂದು ಬರೆಯುತ್ತೇವೆ.

‘ಕ್ರಮ ಕೈಗೊಳ್ಳಲಾಗುವುದು’

ಮಾತು ಮಸುಕಾಗುವುದು ಯಾವಾಗಲೂ ಅಜ್ಞಾನದಿಂದಲ್ಲ. ಕೆಲವೊಮ್ಮೆ ಬೇಕೆಂದೇ ಮಸುಕು ಮಾಡುತ್ತಾರೆ. ‘ಸದರಿ ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯವನ್ನು ಓದಿ ನೋಡಿ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಆದರೆ ಯಾರು ಪರಿಶೀಲಿಸುತ್ತಾರೆ? ಯಾವಾಗ? ‘ಸೂಕ್ತ’ ಎಂದರೆ ಏನು? ಕರ್ತೃವೇ ಇಲ್ಲದ ವಾಕ್ಯಕ್ಕೆ ಹೊಣೆಗಾರನೂ ಇರುವುದಿಲ್ಲ. ಕೆಲಸ ಕೇಳಿ ಹೋದಾಗ ಸಿಗುವ ‘ನೋಡೋಣ’ ಎಂಬ ಮಾತೂ ಇದೇ ಜಾತಿಯದು. ಅದು ‘ಇಲ್ಲ’ ಎಂದು ಹೇಳುವ ಕಷ್ಟವನ್ನು ಹೇಳುವವರಿಗೆ ತಪ್ಪಿಸುತ್ತದೆ, ಕೇಳಿದವರ ಆರು ತಿಂಗಳನ್ನು ತಿನ್ನುತ್ತದೆ.

ಮಸುಕು ಮಾತಿಗೆ ಮದ್ದು ಸ್ಪಷ್ಟವಾದ ಪ್ರಶ್ನೆ. ನನ್ನ ರೂಮ್‌ಮೇಟ್ ಒಬ್ಬನಿಗೆ ಒಂದು ವರ್ಷದ ವಿದ್ಯಾರ್ಥಿವೇತನ ಬಂದಿರಲಿಲ್ಲ. ಅವನು ಎರಡು ಪುಟದ ಮನವಿ ಬರೆದ. ಅದರಲ್ಲಿ ಅವರ ಮನೆಯ ಬಡತನ, ತಾಯಿಯ ಕಾಯಿಲೆ, ಶಿಕ್ಷಣದ ಮಹತ್ವ ಎಲ್ಲವೂ ಇತ್ತು. ಓದಿದರೆ ಕಣ್ಣೀರು ಬರುತ್ತಿತ್ತು. ಉತ್ತರ ಮಾತ್ರ ಬರಲಿಲ್ಲ. ಆಮೇಲೆ ಯಾರೋ ಮಾಹಿತಿ ಹಕ್ಕಿನಡಿ ಅರ್ಜಿ ಹಾಕು ಎಂದರು.

2005ರ ಮಾಹಿತಿ ಹಕ್ಕು ಕಾಯ್ದೆ ಗೊತ್ತಿಲ್ಲದವರಿಲ್ಲ. 10 ರೂಪಾಯಿ ಶುಲ್ಕ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ. ಆದರೆ ಕರ್ನಾಟಕದ ನಿಯಮದಲ್ಲಿ ಇನ್ನೊಂದು ಷರತ್ತಿದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಕೇಂದ್ರದ ನಿಯಮದಲ್ಲಿ ಈ ಮಿತಿ 500 ಪದ. ಈ 150ರ ಮಿತಿ ನಾಗರಿಕರ ಕೈ ಕಟ್ಟುತ್ತದೆ ಎಂಬ ದೂರಿದೆ, ಅದು ನ್ಯಾಯವಾದ ದೂರೇ. ಅಕ್ಷರ ಕಲಿಯದ ರೈತರೊಬ್ಬರ ಸಂಕಟ ಎಷ್ಟೋ ಸಲ 150 ಪದದೊಳಗೆ ಹಿಡಿಯುವುದಿಲ್ಲ. ಆದರೆ ಅವತ್ತು ರಾತ್ರಿ ನಮ್ಮ ರೂಮಿನಲ್ಲಿ ಆ ಮಿತಿಯೇ ಮೇಷ್ಟ್ರಾಯಿತು.

ಮೊದಲು ‘ನನಗೆ ವಿದ್ಯಾರ್ಥಿವೇತನ ಯಾಕೆ ಕೊಟ್ಟಿಲ್ಲ?’ ಎಂದು ಬರೆದೆವು. ಇದು ಪ್ರಶ್ನೆಯ ಹಾಗೆ ಕಾಣುವ ದೂರು. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಕಚೇರಿಯ ಹೊಣೆ. ‘ಯಾಕೆ’ ಎಂದರೆ ಸುಲಭವಾಗಿ ಜಾರಿಕೊಳ್ಳಬಹುದು. ಹಾಗಾದರೆ ನಮಗೆ ನಿಜವಾಗಿ ಬೇಕಾಗಿರುವುದು ಏನು? ಅದನ್ನು ಯೋಚಿಸಲು ಒಂದು ಗಂಟೆ ಹಿಡಿಯಿತು. ಕೊನೆಗೆ ಉಳಿದದ್ದು ಮೂರು ಸಾಲು. ಇಂಥ ಸಂಖ್ಯೆಯ ನನ್ನ ಅರ್ಜಿ ನಿಮ್ಮ ಕಚೇರಿಗೆ ತಲುಪಿದ ದಿನಾಂಕ. ಅದರ ಮೇಲೆ ಇದುವರೆಗೆ ಯಾವ ದಿನ ಯಾವ ಹುದ್ದೆಯ ಅಧಿಕಾರಿ ಏನು ಟಿಪ್ಪಣಿ ಬರೆದಿದ್ದಾರೆ ಎಂಬುದರ ಪ್ರತಿ. ತಿರಸ್ಕರಿಸಿದ್ದರೆ ಆ ಆದೇಶದ ಪ್ರತಿ.

ಉತ್ತರ ಬಂತು. ಅವನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದ ಕಾರಣ ಹಣ ಹೋಗದೆ ಹಿಂದಿರುಗಿತ್ತು. ಅಷ್ಟೇ. ಬ್ಯಾಂಕಿಗೆ ಹೋಗಿ ಅರ್ಧ ದಿನದಲ್ಲಿ ಸರಿಪಡಿಸಬಹುದಾಗಿದ್ದ ವಿಷಯ. ಒಂದು ವರ್ಷ ಅವನು ಯಾರನ್ನೋ ಶಪಿಸುತ್ತ ಕೂತಿದ್ದ, ಸಾಲ ಮಾಡಿ ಫೀಸು ಕಟ್ಟಿದ್ದ. ಎರಡು ಪುಟದ ಕಣ್ಣೀರು ಮಾಡಲಾಗದ್ದನ್ನು ಮೂರು ಸಾಲು ಮಾಡಿದವು. ಅವನ ಕಣ್ಣೀರು ಸುಳ್ಳಾಗಿರಲಿಲ್ಲ, ಅದು ಏನನ್ನೂ ಕೇಳುತ್ತಿರಲಿಲ್ಲ ಅಷ್ಟೇ.

ಘೋಷಣೆಯೂ ಸ್ಪಷ್ಟವೇ?

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಚಿಕ್ಕದಾಗಿ, ಚೂಪಾಗಿ ಹೇಳಿದ್ದೆಲ್ಲ ಸ್ಪಷ್ಟವಲ್ಲ. ವಾಟ್ಸ್‌ಆ್ಯಪಿನಲ್ಲಿ ಬರುವ ಸುಳ್ಳುಗಳು ಎಷ್ಟು ನೇರವಾಗಿರುತ್ತವೆ ನೋಡಿ. ‘ಇದೇ ಕಾರಣ’, ‘ಇವರೇ ದ್ರೋಹಿಗಳು’, ‘ಇದನ್ನು ತಿಂದರೆ ಸಕ್ಕರೆ ಕಾಯಿಲೆ ಮಾಯ’. ಅಲ್ಲಿ ‘ಒಂಥರಾ’ ಎಂಬ ಪದವೇ ಇರುವುದಿಲ್ಲ. ಆದರೆ ಒಂದೇ ಒಂದು ‘ಅಂದರೆ?’ ಕೇಳಿದರೆ ಕುಸಿದು ಬೀಳುತ್ತವೆ. ಅದು ಸ್ಪಷ್ಟತೆಯ ವೇಷ ಹಾಕಿದ ಸೋಮಾರಿತನ.

ನಿಜವಾದ ಸ್ಪಷ್ಟತೆ ಅನುಮಾನವನ್ನೂ ಸ್ಪಷ್ಟವಾಗಿ ಹೇಳುತ್ತದೆ. ಮಳೆಗಾಲದಲ್ಲಿ ಹವಾಮಾನ ಇಲಾಖೆ ಕೊಡುವ ಬಣ್ಣದ ಎಚ್ಚರಿಕೆಗಳನ್ನು ನೆನಪಿಸಿಕೊಳ್ಳಿ. ನಾಳೆ ಎಷ್ಟು ಮಳೆ ಬರುತ್ತದೆಂದು ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೂ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಸುರಕ್ಷತೆಯ ಕ್ರಮಕ್ಕೆ ಇಳಿಯಿರಿ. ರೆಡ್ ಅಲರ್ಟ್ ಇದ್ದ ದಿನ ಬಿಸಿಲು ಬಿದ್ದರೆ ನಾವು ನಗುತ್ತೇವೆ. ಆದರೆ ವಿಷಯ ಅನಿಶ್ಚಿತವಾಗಿದ್ದರೂ ಕೇಳುವವರು ಏನು ಮಾಡಬೇಕೆಂಬುದನ್ನು ಒಂದೇ ಪದದಲ್ಲಿ ಮುಟ್ಟಿಸುವ ಕಷ್ಟದ ಕೆಲಸ ಅದು. ‘ನನಗೆ ಖಚಿತವಿಲ್ಲ’ ಎನ್ನುವುದು ಮಸುಕು ಮಾತಲ್ಲ. ಖಚಿತವಿಲ್ಲದ್ದನ್ನು ಖಚಿತವಿದ್ದಂತೆ ಆಡುವುದು ಮಸುಕು.

ಇನ್ನು, ಕಷ್ಟದ ವಿಷಯವನ್ನು ಕನ್ನಡದಲ್ಲಿ ನಿಖರವಾಗಿ ಹೇಳಲಾಗದು ಎಂಬ ಮಾತೂ ನಮ್ಮ ನಡುವೆ ಇದೆ. ಹಾಗೆನ್ನುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆರೆದು ನೋಡಬೇಕು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಕಥೆ ಅದು. ನಗುನಗುತ್ತಲೇ ಓದಿಸಿಕೊಂಡು ಹೋಗುತ್ತದೆ, ಆದರೆ ಗಿಡದ ವಿವರದಲ್ಲಿ ಸಡಿಲವಿಲ್ಲ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಷಯ ಕೈವಶವಾಗಿದ್ದವರಿಗೆ ಭಾಷೆ ಬಾಗುತ್ತದೆ.

ಅಭ್ಯಾಸಕ್ಕೆ ಏನು ಮಾಡುವುದು?

ನಾನು ಮೇಷ್ಟ್ರಲ್ಲ, ಇನ್ನೂ ಕೆಲಸ ಹುಡುಕುತ್ತಿರುವವನು. ಆದರೂ ನನಗೆ ನೆರವಾದ ಎರಡು ಮೂರು ಸಂಗತಿ ಹೇಳಬಲ್ಲೆ. ಓದಿದ ಪಾಠವನ್ನು ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ಹೇಳಿ. ಅಮ್ಮ, ಅಜ್ಜಿ, ತಮ್ಮ ಯಾರಾದರೂ ಸರಿ. ಅವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೋ ಬಹುತೇಕ ಅಲ್ಲೇ ನಿಮಗೂ ಅರ್ಥವಾಗಿರುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ, ‘ಯಾರು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಹೆಸರು ಸೇರಿಸಿ. ‘ತುಂಬಾ’, ‘ಹಲವು’, ‘ಗಣನೀಯ’ ಎಂದು ಬರೆದಲ್ಲೆಲ್ಲ ಒಂದು ಅಂಕಿ ಕೊಡಲು ಆಗುತ್ತದೆಯೇ ನೋಡಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಂತೂ ಇದು ಬರೀ ಉಪದೇಶವಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಗೇ 250 ಅಂಕವಿದೆ, ಸಂದರ್ಶನಕ್ಕೆ 275. ಕಡ್ಡಾಯ ಭಾಷಾ ಪತ್ರಿಕೆಯಲ್ಲಿ ದೊಡ್ಡ ಭಾಗವೊಂದನ್ನು ಮೂರನೆಯ ಒಂದಕ್ಕೆ ಇಳಿಸಿ ಬರೆಯುವ ಪ್ರಶ್ನೆ ಬರುತ್ತದೆ. ಅದನ್ನು ಅರ್ಹತೆಗಷ್ಟೇ ಎಂದು ಕಡೆಗಣಿಸುತ್ತೇವೆ. ದಿನಾ ಪತ್ರಿಕೆಯ ಒಂದು ಲೇಖನವನ್ನು ಹಾಗೆ ಮೂರನೆಯ ಒಂದು ಪಾಲಿಗೆ ಇಳಿಸಿ ನೋಡಿ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವಾಗಲೇ ಯಾವುದು ಮುಖ್ಯ ಎಂಬುದು ತಿಳಿಯುವುದು.

ಹೋದ ತಿಂಗಳು ಇನ್ನೊಂದು ಸಂದರ್ಶನಕ್ಕೆ ಹೋಗಿದ್ದೆ. ಚಿಕ್ಕ ಕಂಪನಿ, ಮೇಜಿನ ಆಚೆ ಒಬ್ಬರೇ. ಮತ್ತೆ ಅದೇ ಪ್ರಾಜೆಕ್ಟಿನ ಪ್ರಶ್ನೆ. ನನ್ನ ಮೂರು ವಾಕ್ಯ ಹೇಳಿದೆ, ಮುಷ್ಟಿ ಹಿಚುಕಿ ತೋರಿಸಿದೆ. ಅವರು ಮುಂದಕ್ಕೆ ಬಾಗಿ ಕೇಳತೊಡಗಿದರು. ಆಮೇಲೆ, ‘ಮಳೆ ಬರುತ್ತಿರುವಾಗ ಸೆನ್ಸರ್ ಕೆಟ್ಟು ತಪ್ಪು ಅಂಕಿ ಕೊಟ್ಟರೆ?’ ಎಂದರು. ನಾಲಿಗೆಯ ತುದಿಗೆ ‘ಬೇಸಿಕಲಿ’ ಬಂದಿತ್ತು. ನುಂಗಿಕೊಂಡೆ. ‘ಗೊತ್ತಿಲ್ಲ ಮೇಡಂ. ನಾವು ಒಂದೇ ಸೆನ್ಸರ್ ಹಾಕಿದ್ದೆವು. ಎರಡು ಹಾಕಿ, ಎರಡರ ಅಂಕಿ ಹೊಂದದಿದ್ದರೆ ಮೋಟರ್ ಆನ್ ಆಗದಂತೆ ಮಾಡಬಹುದು ಅನಿಸುತ್ತದೆ, ಆದರೆ ಮಾಡಿ ನೋಡಿಲ್ಲ’ ಎಂದೆ.

ಫಲಿತಾಂಶ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ಆದರೆ ಈ ಸಲ ಊರಿನ ಬಸ್ಸಿನಲ್ಲಿ ಗೆಳೆಯ ‘ಹೇಗಾಯ್ತೋ?’ ಎಂದು ಕೇಳಿದಾಗ ಇಂಗ್ಲಿಷಿನ ಮೇಲೆ ಹಾಕಲಿಲ್ಲ, ‘ಒಂಥರಾ ಆಯ್ತು’ ಎಂದೂ ಹೇಳಲಿಲ್ಲ. ‘ಆರು ಪ್ರಶ್ನೆ ಕೇಳಿದರು. ಐದು ಗೊತ್ತಿತ್ತು, ಒಂದು ಗೊತ್ತಿರಲಿಲ್ಲ. ಆ ಒಂದನ್ನು ಭಾನುವಾರ ತೋಟದಲ್ಲಿ ನೋಡ್ತೀನಿ’ ಎಂದೆ.